ಹೆಪ್ಪು ಹಾಕದೆ ಉಳಿದ ಹಾಲು

"ಕೇಳ್ರಪ್ಪೋ ಕೇಳಿ! ಹತ್ತು ವರ್ಷದ ಹಿಂದೆ ಕೆರೆಯಲ್ಲಿ ಹೆಣವಾಗಿ ಸಿಕ್ಕ ರಾಣಿಯಮ್ಮನವರು ಬರೆದಿಟ್ಟ ಓಲೆಯೊಂದಿದೆ. ಅದರ ಮೇಲೆ ರಾಜಕುಮಾರಿ ವೀರಾಜಮ್ಮಣ್ಣಿಯವರು ಮೂರು ಒಗಟು ಕೇಳುತ್ತಾರೆ. ಬಿಡಿಸಿದವರಿಗೆ ಕೇಳಿದ್ದು ಕೊಡುತ್ತಾರೆ. ಹೇಳಿದ ಮಾತಿಗೆ ಓಲೆಯ ಮೇಲೆ ಬೆರಳಿಟ್ಟು ತೋರಿಸಲಾಗದವರ ತಲೆ ತೆಗೆಸುತ್ತಾರೆ!"

ಕಾರೆಕೋಟೆಯಲ್ಲಿ ಈ ಡಂಗುರ ಕೇಳಿ ನಕ್ಕವರೇ ಹೆಚ್ಚು. ಓಲೆ ಓದದೆಯೇ ರಾಣಿಯ ಕತೆ ಊರಿಗೆಲ್ಲ ಗೊತ್ತಿತ್ತು. ಯಾರ ಜೊತೆಗೋ ಓಡಿಹೋಗುತ್ತಿದ್ದಳು ಅಂದಿತ್ತು ಅರ್ಧ ಊರು. ಬೇಸತ್ತು ಕೆರೆಗೆ ಹಾರಿದಳು ಅಂದಿತ್ತು ಇನ್ನರ್ಧ.

ಓಲೆಯಲ್ಲಿದ್ದದ್ದು ಇಷ್ಟು:

"ಮಗಳೇ, ಉಂಡು ಮಲಗಿದ್ದೀಯ, ಎಬ್ಬಿಸಲಿಲ್ಲ. ಹಾಲು ಕಾಯಿಸಿ ಇಳಿಸಿದ್ದೇನೆ. ಉಗುರುಬೆಚ್ಚಗಾಗುವ ಹೊತ್ತಿಗೆ ಬಂದು ನಾನೇ ಹೆಪ್ಪು ಹಾಕುತ್ತೇನೆ, ನೀನು ಮುಟ್ಟಬೇಡ. ಕೆರೆ ಏರಿಯ ಮೇಲೆ ಒಬ್ಬರನ್ನು ನೋಡಬೇಕಿದೆ. ನಿನ್ನಪ್ಪನಿಗೆ ಹೇಳಬೇಡ."

ಮೊದಲು ಬಂದವರು ಆಸ್ಥಾನದ ಪಂಡಿತರು.

"ನನ್ನ ತಾಯಿ ಎಷ್ಟು ಹೊತ್ತಿಗೆಂದು ಹೊರಟಳೋ ಅಷ್ಟು ಹೊತ್ತನ್ನು ಒಂದು ಪಾತ್ರೆಯಲ್ಲಿ ಅಳೆದಿಟ್ಟು ಹೋದಳು. ಎಷ್ಟು ಹೊತ್ತು?" ಎಂದಳು ರಾಜಕುಮಾರಿ.

ಪಂಡಿತರು ಶಲ್ಯ ಸರಿಮಾಡಿಕೊಂಡರು. "ಪಾತ್ರೆಯೆಂದರೆ ಈ ದೇಹ ತಾಯಿ. ಹೊತ್ತೆಂದರೆ ಆಯುಷ್ಯ."

"ಎಲ್ಲಿದೆ? ಬೆರಳಿಡಿ."

ಪಂಡಿತರ ಬೆರಳು ಓಲೆಯ ಉದ್ದಕ್ಕೂ ಅಲೆದು ಕೊನೆಗೆ ಆಚೆ ಬಿತ್ತು. ಭಟರು ಎಳೆದೊಯ್ಯುವಾಗ ಅವರು ಕೂಗಿಕೊಂಡರು: "ಏರಿಯ ಮೇಲೆ ಇರುವವನು ನೀರುಗಂಟಿ! ಕೊಂದವನು ಅವನೇ!" ಅವರ ತಲೆ ಹೋಯಿತು. ಅವರು ಕೂಗಿದ ಹೆಸರು ಮಾತ್ರ ಉಳಿಯಿತು. ಸಂಜೆಯೊಳಗೆ ಕೆರೆಯಿಂದ ಗದ್ದೆಗಳಿಗೆ ನೀರು ಬಿಡುವ ಮುದುಕ ಚಿಕ್ಕಬೋರನ ಕಾಲಿಗೆ ಬೇಡಿ ಬಿತ್ತು, ಅಮಾವಾಸ್ಯೆಗೆ ಗಲ್ಲೆಂದು ತೀರ್ಮಾನವೂ ಆಯಿತು.

ಆಮೇಲೆ ಬಂದವನು ಪಕ್ಕದ ಸೀಮೆಯ ರಾಜಕುಮಾರ. ಅಡುಗೆಯವಳನ್ನು ವಿಚಾರಿಸಿಕೊಂಡೇ ಬಂದಿದ್ದನೇನೋ, ಮೊದಲನೆಯದಕ್ಕೆ ಹಾಲು ಆರುವಷ್ಟು ಹೊತ್ತು ಅಂದ. ಎರಡನೆಯದು ಬಂತು.

"ಹೊಸಿಲು ದಾಟಿದವಳ ಮುಖ ಹೊರಕ್ಕಿತ್ತು. ಮನಸ್ಸು ಯಾವ ಕಡೆಗಿತ್ತು?"

"ಅದೂ ಹೊರಕ್ಕೇ." ಅವನು ಅಂಗೈಯೂರಿ ಕೊನೆಯ ಮಾತಿಗೆ ಬೆರಳಿಟ್ಟ. "ನಿನ್ನಪ್ಪನಿಗೆ ಹೇಳಬೇಡ. ಇನ್ನೇನು ಬೇಕು?"

"ಬೆರಳು ಸರಿಯಾಗಿಟ್ಟೆ. ಅಂಗೈಯಡಿ ಮುಚ್ಚಿಕೊಂಡದ್ದನ್ನು ಯಾರು ಓದಬೇಕು?" ಅಂದಳು ರಾಜಕುಮಾರಿ. ಅವನ ತಲೆಯೂ ಹೋಯಿತು.

ಮೂರನೆಯವಳಾಗಿ ಬಂದದ್ದು ಪುಟ್ಟೀರಿ, ಚಿಕ್ಕಬೋರನ ಮಗಳು. ವಯಸ್ಸು ಹದಿನಾರು. ಮಠದ ಅಯ್ಯನವರು ಮರಳಿನಲ್ಲಿ ಬರೆಸಿದಷ್ಟು ಅಕ್ಷರ ಅವಳಿಗೆ ಬರುತ್ತಿತ್ತು. ಮಿಕ್ಕದ್ದು ಅಪ್ಪನಿಂದ ಕಲಿತದ್ದು. ಕೆರೆಯಲ್ಲಿ ನಿನ್ನೆ ಇಷ್ಟು ನೀರಿತ್ತು ಎಂದು ರೈತರು ಜಗಳಕ್ಕೆ ಬಂದರೆ ಚಿಕ್ಕಬೋರ ಯಾರ ಬಾಯಿಗೂ ಕಿವಿ ಕೊಡುತ್ತಿರಲಿಲ್ಲ. ತೂಬಿನ ಕಲ್ಲಿನ ಹತ್ತಿರ ಕರೆದೊಯ್ದು, "ತೇವದ ಗೆರೆ ತೋರಿಸು, ಆಮೇಲೆ ಮಾತಾಡು" ಅನ್ನುತ್ತಿದ್ದ.

"ನೀರುಗಂಟಿ ಮಗಳಿಗೂ ತಲೆ ಭಾರವಾಯ್ತೋ?" ಎಂದು ಯಾರೋ ಕಿಸಕ್ಕನೆ ನಕ್ಕರು.

ಪುಟ್ಟೀರಿ ಓಲೆಯನ್ನು ಮೂರು ಸಲ ಓದಿದಳು.

"ಮೊದಲನೇದು, ಕುದ್ದ ಹಾಲು ಉಗುರುಬೆಚ್ಚಗಾಗೋವಷ್ಟು ಹೊತ್ತು, ಅಮ್ಮಣ್ಣಿ. ಇಲ್ಲಿದೆ. ಏರಿಗೆ ಹೋಗಿ ಬರೋಕೆ ಅಷ್ಟು ಸಾಕು. ಓಡಿಹೋಗೋಕೆ ಸಾಲದು." ಬೆರಳು ಮುಂದಕ್ಕೆ ಸರಿಯಿತು. "ಎರಡನೇದು, ಮನಸ್ಸು ಮನೆ ಕಡೆಗಿತ್ತು. 'ಬಂದು ನಾನೇ ಹೆಪ್ಪು ಹಾಕುತ್ತೇನೆ' ಅಂದವರೆ. ಸಾಯೋಕೆ ಹೊರಟವರು ನಾಳೆಯ ಮೊಸರನ್ನ ತಮ್ಮ ಕೈಗೇ ಇಟ್ಕೊಳ್ಳಲ್ಲ. ದೊರೆಗೆ ಹೇಳಬೇಡ ಅಂದದ್ದೂ ದಿಟವೇ. ಯಾಕೆ ಅಂದರೋ ಇದರಲ್ಲಿಲ್ಲ."

ರಾಜಕುಮಾರಿ ಪೀಠದಿಂದ ಎದ್ದಳು.

"ಏರಿಯ ಮೇಲೆ ನನ್ನ ತಾಯಿಗಾಗಿ ಕಾದಿದ್ದವರು ಯಾರು?"

ಪುಟ್ಟೀರಿಯ ಎದುರಿಗೇ ದಳವಾಯಿ ನಿಂತಿದ್ದ. ಊರಿಗೆ ಬೇಡವಾದವನು. ಅವನ ಹೆಸರು ಹೇಳಿದ್ದರೆ ನಂಬಲು ಸಭೆಯೆಲ್ಲ ತಯಾರಿತ್ತು, ಅಪ್ಪನೂ ಉಳಿಯುತ್ತಿದ್ದ. ಹೆಸರು ಅವಳ ನಾಲಿಗೆಯ ತುದಿಗೆ ಬಂದಿತು. ಬೆರಳಿಡಲು ಜಾಗ ಸಿಗಲಿಲ್ಲ.

"ಗೊತ್ತಿಲ್ಲ, ಅಮ್ಮಣ್ಣಿ."

"ಏನೇ ಅಂದೆ?"

"ಒಬ್ಬರು ಅಂತ ಮಾತ್ರ ಬರೆದವರೆ. ಗಂಡೋ ಹೆಣ್ಣೋ ಅದೂ ಇಲ್ಲ. ಇದಕ್ಕೆ ಉತ್ತರ ಈ ಓಲೆಯಲ್ಲಿಲ್ಲ, ಅದೇ ನನ್ನ ಉತ್ತರ."

"ಹತ್ತು ವರ್ಷ ಕಾದಿದ್ದೇನೆ, ಇಲ್ಲ ಅನ್ನಿಸಿಕೊಳ್ಳೋಕೇನೇ?" ರಾಜಕುಮಾರಿಯ ದನಿ ಒಡೆಯಿತು.

ಪುಟ್ಟೀರಿ ಎರಡು ಕೈಯಲ್ಲಿ ಓಲೆಯನ್ನು ಅವಳ ಮುಂದೆ ಹಿಡಿದಳು. "ಡಂಗುರದ ಮಾತು ಎಲ್ಲರಿಗೂ ಒಂದೇ ಅಲ್ವಾ? ನನ್ನಪ್ಪ ಇದರಲ್ಲಿ ಎಲ್ಲಿದಾನೆ? ಬೆರಳಿಡಿ."

ರಾಜಕುಮಾರಿಯ ಬೆರಳು ಓಲೆಗೆ ತಾಕಿತು. ಮೊದಲಿಂದ ಕೊನೆಯವರೆಗೆ ಹೋಯಿತು, ತಿರುಗಿ ಬಂತು. ಎಲ್ಲೂ ನಿಲ್ಲಲಿಲ್ಲ. ಕೊನೆಗೆ ಭಟರ ಕಡೆ ನೋಡದೆಯೇ, "ಆ ಮುದುಕನ ಬೇಡಿ ಬಿಚ್ಚಿ" ಅಂದಳು. "ಮೂರೂ ಸರಿ. ಇನ್ನೇನು ಬೇಕು, ಕೇಳು."

"ಬೆರಳಿಡೋ ಕಟ್ಟಳೆ ಇರಲಿ. ತಲೆ ತೆಗೆಯೋದು ಬೇಡ."

ಎರಡು ತಲೆ ಹೋದ ಮೇಲೆ ಬಂದ ಬುದ್ಧಿ, ಆದರೂ ಬಂತು. ಅರಮನೆಯ ಮೊಗಸಾಲೆಯಲ್ಲಿ ಊರಿನ ಹದಿಹರೆಯದವರಿಗೆಲ್ಲ ಓದು ಹೇಳುವ ಕೆಲಸ ಪುಟ್ಟೀರಿಗೆ ಸಿಕ್ಕಿತು, ವರ್ಷಕ್ಕಿಷ್ಟು ಭತ್ತವೂ. ಅವರು ಬಾಯಿಗೆ ಬಂದದ್ದು ಹೇಳುವರು, ಅವಳು "ಎಲ್ಲಿದೆ?" ಅನ್ನುವಳು, ಅವರು ಗೊಣಗಿಕೊಂಡು ಹುಡುಕುವರು. ತಾಯಂದಿರಿಗೆ ಇದರಿಂದ ನೆಮ್ಮದಿಯೇನೂ ಆಗಲಿಲ್ಲ. ಮಕ್ಕಳು ಮನೆಯಲ್ಲೂ ಹಾಗೇ ಕೇಳತೊಡಗಿದ್ದವು.

ರಾಜಕುಮಾರಿ ಕೆಲವು ದಿನ ಹಿಂದಿನ ಸಾಲಿನಲ್ಲಿ ಬಂದು ಕೂರುತ್ತಿದ್ದಳು. ಒಂದು ದಿನ ಪುಟ್ಟೀರಿ ತಡೆಯಲಾರದೆ ಕೇಳಿದಳು.

"ಆ ಹಾಲು ಏನಾಯ್ತು, ಅಮ್ಮಣ್ಣಿ?"

"ಮುಟ್ಟಬೇಡ ಅಂದಿದ್ದಳಲ್ಲ," ಎಂದಳು ರಾಜಕುಮಾರಿ. "ಮೂರು ದಿನ ಮುಟ್ಟಲಿಲ್ಲ. ಯಾರಿಗೂ ಮುಟ್ಟೋಕೆ ಬಿಡಲಿಲ್ಲ."