ಹಗ್ಗದ ಕಂದಾಯ

ಕಾಲು ಚಾಚಿ ಮಲಕ್ಕೋ ಪುಟ್ಟೀ. ಹೂಂಗುಟ್ತಾ ಇರು, ಇಲ್ಲಾಂದ್ರೆ ನಾನೇ ಮೊದಲು ನಿದ್ದೆ ಹೋಗ್ತೀನಿ. ಒಂದಾನೊಂದು ಕಾಲದಲ್ಲಿ, ದುಡ್ಡಿನ ಬದಲು ಹಗ್ಗಾನೇ ಕಂದಾಯ ಕಟ್ಟೋ ಒಂದು ರಾಜ್ಯ ಇತ್ತಂತೆ. ಕಗ್ಗಲ್ಲುದುರ್ಗ ಅಂತ ಹೆಸರು. ಬಂಡೆಗುಡ್ಡದ ಮೇಲಿನ ಕೋಟೆ, ಹೊಳೆ ಇಲ್ಲ, ಕೆರೆ ಇಲ್ಲ, ಇಡೀ ಊರಿಗೆ ಒಂದೇ ಬಾವಿ, ಅದೂ ಪಾತಾಳದಷ್ಟು ಆಳ. ಅದಕ್ಕೇ ವರ್ಷಾ ವರ್ಷಾ ಮನೆಗೊಂದು ಮೊಳ ಹಗ್ಗ ಹೊಸೆದು ಕೊಡಬೇಕು, ಅರಮನೆಯೋರು ಅದನ್ನೆಲ್ಲಾ ಸೇರಿಸಿ ಬಾವಿಗೆ ಹೊಸ ಹಗ್ಗ ಮಾಡಬೇಕು ಅಂತ ಕಟ್ಟಳೆ ಇತ್ತಂತೆ.

ರಾಜ ತೀರಿಕೊಂಡಿದ್ದ. ರಾಣಿ ದೊಡ್ಡಾಜಮ್ಮಂಗೆ ಮೂವರು ಮಕ್ಕಳು, ದೊಡ್ಡೋನು ಕೆಂಚರಾಯ, ನಡುವಿನೋನು ಮಲ್ಲರಾಯ, ಕಿರೀಮಗಳು ಹೊನ್ನಾಜಿ. ನನಗೆ ವಯಸ್ಸಾಯ್ತು, ಇನ್ನು ನೀವೇ ನೋಡ್ಕೊಳ್ರಪ್ಪಾ ಅಂತ ರಾಣಿ ಗಂಡುಮಕ್ಕಳಿಬ್ಬರಿಗೂ ರಾಜ್ಯ ಒಪ್ಪಿಸಿದಳಂತೆ. ಹೊನ್ನಾಜಿನ ಯಾರೂ ಕೇಳಲಿಲ್ಲ, ಹೆಣ್ಣುಮಗಳಲ್ವಾ, ಅಲ್ಲೇ ಎಡವಟ್ಟಾಗಿದ್ದು.

ಕೆಂಚರಾಯ ಹೇಳಿದನಂತೆ, ಕತ್ತಾಳೆ ನಾರು ಹೊಸೆದೂ ಹೊಸೆದೂ ಹೆಂಗಸರ ಅಂಗೈ ಸುಲಿದುಹೋಗಿದೆ, ಇನ್ಮೇಲೆ ಅರ್ಧ ಮೊಳ ಕೊಟ್ರೆ ಸಾಕು. ಮಲ್ಲರಾಯ ಅಂದನಂತೆ, ಅದೆಂಗಾದೀತು ಅಣ್ಣಾ, ಬಡವರ ಮಗೂಗೆ ತೊಟ್ಟಿಲ ಹಗ್ಗ ಇಲ್ಲ, ದನ ಕಟ್ಟೋಕೆ ಹಗ್ಗ ಇಲ್ಲ, ಎರಡು ಮೊಳ ಕೊಡ್ಲಿ, ಎಲ್ಲರಿಗೂ ಹಂಚೋಣ. ಇಬ್ಬರು ಹೇಳಿದ್ದೂ ನಿಜಾನೇ ಮಗಾ, ಅದೇ ನನಗೆ ಸಂಕಟ. ಆಮೇಲೆ ಊರೇ ಎರಡು ಪಾಲಾಯ್ತಂತೆ, ಅರ್ಧ ಮೊಳದೋರು, ಎರಡು ಮೊಳದೋರು ಅಂತ. ಇವರ ಮನೆ ಮದುವೆಗೆ ಅವರಿಲ್ಲ, ಅವರ ಮನೆ ಸಾವಿಗೆ ಇವರಿಲ್ಲ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಅಂತಾರಲ್ಲ, ಹಂಗೆ. ಕೊನೆಗೆ ಒಂದೇ ಬಾವಿಗೆ ಎರಡು ಹಗ್ಗ ಆದ್ವಂತೆ. ಅಣ್ಣನ ಕಡೆಯೋರ ಹಗ್ಗ ಮೋಟು, ಯಾಕಂದ್ರೆ ಬಂದಿದ್ದೇ ಅಷ್ಟು. ತಮ್ಮನ ಕಡೆಯೋರದ್ದೂ ಮೋಟು, ಯಾಕಂದ್ರೆ ಬಂದಿದ್ದೆಲ್ಲಾ ತೊಟ್ಟಿಲಿಗೆ, ದನಕ್ಕೆ, ಉಯ್ಯಾಲೆಗೆ ಅಂತ ಹಂಚಿಹೋಯ್ತು.

ಮೊದಲನೇ ವರ್ಷ ಒಳ್ಳೇ ಮಳೆ, ನೀರು ಮೇಲಿತ್ತು, ಎರಡೂ ಹಗ್ಗ ಮುಟ್ಟಿದ್ವು. ನೋಡಿದ್ರಾ, ನಾವೇ ಸರಿ ಅಂತ ಇಬ್ಬರೂ ಮೀಸೆ ತಿರುವಿದರಂತೆ. ಎರಡನೇ ವರ್ಷ ನೀರು ಇಳೀತು, ಕೊಡದ ಬುಡ ಮಾತ್ರ ಒದ್ದೆಯಾಯ್ತು. ಎಲ್ಲಾ ನಿಮ್ಮಿಂದಲೇ ಅಂತ ಅವರನ್ನ ಇವರು, ಇವರನ್ನ ಅವರು ಬೈದರಂತೆ. ಮೂರನೇ ವರ್ಷ ಎರಡೂ ಮುಟ್ಟಲಿಲ್ಲ. ಮನೆಮನೇಲೂ ಗಡಿಗೆ ಬೋರಲು ಬಿತ್ತು.

ಅದೇ ಹೊತ್ತಿಗೆ ರಾಣಿ ಹಾಸಿಗೆ ಹಿಡಿದಳಂತೆ. ಇನ್ನು ಉಳಿಯಲ್ಲ ಅಂತ ಅವಳಿಗೇ ಗೊತ್ತಾಯ್ತು. ನನ್ನ ಗಂಡುಮಕ್ಕಳ ಕೈಯಿಂದ ಬಾಯಿಗೆ ಒಂದು ಗುಟುಕು ನೀರು ಬಿದ್ರೆ ಸಾಕು ಕಣೇ, ನೆಮ್ಮದಿಯಾಗಿ ಹೋಗ್ತೀನಿ ಅಂದಳಂತೆ ಮಗಳ ಹತ್ರ. ಹೊನ್ನಾಜಿ ಬಾವಿಕಟ್ಟೆಗೆ ಓಡಿ, ಎರಡು ಹಗ್ಗಾನೂ ಸೇರಿಸಿ ಗಂಟು ಹಾಕ್ರಣ್ಣಾ, ಮುಟ್ಟುತ್ತೆ ಅಂದಳು. ಹೌದಲ್ಲ ಅಂತ ಎಲ್ಲರೂ ಒಪ್ಪಿದರಂತೆ. ಒಪ್ಪಿ, ಸುಮ್ಮನೆ ನಿಂತರಂತೆ. ಯಾರ ಹಗ್ಗ ಮೇಲೆ, ಯಾರ ಹಗ್ಗ ಕೆಳಗೆ? ಕೆಳಗಿನದು ನೀರಲ್ಲಿ ನೆನೆದು ಕೊಳೆಯುತ್ತಲ್ಲ, ನಮ್ಮದ್ಯಾಕೆ ಕೊಳೀಬೇಕು ಅಂತ ಎರಡು ಕಡೆಯೋರೂ ಹಠಕ್ಕೆ ಬಿದ್ದರಂತೆ. ಎತ್ತು ಏರಿಗೆ, ಕೋಣ ನೀರಿಗೆ. ಹೊನ್ನಾಜಿ ತಾನೇ ಹಗ್ಗ ಕಿತ್ಕೊಳ್ಳೋಕೆ ಹೋದ್ರೆ, ಹೆಣ್ಣುಮಕ್ಕಳಿಗೆ ಇಲ್ಲೇನು ಕೆಲಸ ಅಂತ ತಳ್ಳಿದರು. ಅದೊಂದರಲ್ಲಿ ಮಾತ್ರ ಎರಡು ಪಕ್ಷದೋರೂ ಒಂದೇ ಮಾತು!

ಅವಳು ಒಳಗೆ ಹೋದಳು. ನೀರು ಬಂತೇನೇ ಅಂದಳು ರಾಣಿ. ಬರ್ತಿದೆ ಅಮ್ಮಾ. ಆಚೆ ಬಂದು ನೋಡಿದ್ರೆ, ಮೇಲೆ ಕೆಳಗೆ ತೀರ್ಮಾನ ಆಗಿ, ಗಂಟು ಯಾರು ಹಾಕೋದು ಅಂತ ಶುರುವಾಗಿತ್ತು. ಮತ್ತೆ ಒಳಗೆ ಹೋದಳು. ಬಂತೇನೇ? ಬರ್ತಿದೆ ಅಮ್ಮಾ. ಮತ್ತೆ ಆಚೆ ಬಂದ್ರೆ, ಯಾರ ಕೊಡ ಇಳಿಸೋದು ಅಂತ ಕೂಗಾಟ. ಪಾಪ, ಆ ಹುಡುಗಿ ಮೂರನೇ ಸಲ ಅಳ್ತಾ ಒಳಗೆ ಬಂದು, ನಿನ್ನ ಮಕ್ಕಳು ಇನ್ನೂ ಜಗಳಾನೇ ಆಡ್ತಿದ್ದಾರಮ್ಮಾ ಅಂತ ಹೇಳಿಬಿಟ್ಟಳಂತೆ. ರಾಣಿ ಸಣ್ಣಗೆ ನಕ್ಕಳಂತೆ. ಬೈಬೇಡ ಬಿಡೇ, ಇಬ್ಬರೂ ನನ್ನ ನೀರಿಗೇ ತಾನೇ ಬಡಿದಾಡ್ತಿರೋದು ಅಂದು ಕಣ್ಣು ಮುಚ್ಚಿದಳಂತೆ.

ಆಮೇಲೆ ನೀರು ಬಂತು. ತುಂಬಿದ ಕೊಡ, ತಣ್ಣಗಿನ ನೀರು, ಅಣ್ಣ ಒಂದು ಕಡೆ ತಮ್ಮ ಒಂದು ಕಡೆ ಹಿಡ್ಕೊಂಡು ತಂದರಂತೆ. ಇಬ್ಬರೂ ಸೇರಿ ಬಾಯಿಗೆ ಬಿಟ್ರು. ಒಳಗೆ ಇಳೀಲಿಲ್ಲ, ಕೆನ್ನೆ ಮೇಲೆ ಹರಿದು ದಿಂಬು ಒದ್ದೆಯಾಯ್ತು. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದ ಹಂಗಾಯ್ತು ನೋಡು.

ಆ ಗಂಟನ್ನ ಆಮೇಲೆ ಯಾರೂ ಬಿಚ್ಚಲಿಲ್ಲವಂತೆ. ಕಂದಾಯ ಎಷ್ಟು, ಯಾರಿಗೆ ಹಂಚೋದು ಅಂತ ಜಗಳ ಮಾತ್ರ ನಿಲ್ಲಲಿಲ್ಲ, ಆದ್ರೆ ಬಾವಿಗೆ ಬೇಕಾದಷ್ಟು ಹಗ್ಗ ಮೊದಲು ಎತ್ತಿಟ್ಟು ಆಮೇಲೆ ಜಗಳ ಆಡ್ತಿದ್ದರಂತೆ. ಎತ್ತಿಡೋ ಕೆಲಸ ಹೊನ್ನಾಜೀದು. ಊರಲ್ಲಿ ಮತ್ತೆ ಯಾರಿಗೂ ನೀರಿಗೆ ಬರ ಬರಲಿಲ್ಲ, ಎಲ್ಲರೂ ಸುಖವಾಗಿದ್ದರು, ಕತೆಯೂ ಮುಗೀತು.

ಏನೇ? ರಾಣಿ ಒಂದೇ ಒಂದು ಗುಟುಕಾದ್ರೂ ಕುಡಿದಳು ಅಂತ ಹೇಳಬೇಕಾ? ಹಂಗೆ ಹೇಳೋಕೆ ನನಗೂ ಆಸೆ ಪುಟ್ಟೀ. ಆದ್ರೆ ಕುಡೀಲಿಲ್ಲ.