ಒಂದು ಹರಳು ಉಪ್ಪು

"ಗುರುಗಳೇ, ಯಾರ ಬಗ್ಗೆಯೂ ಕೆಟ್ಟ ಮಾತಾಡದವನಿಗೆ ನಾಲಿಗೆಯ ಪಾಪ ತಟ್ಟುತ್ತದೆಯೇ?"

ಹೀಗೆ ಕೇಳಿದವನು ಗುರುಪಾದ. ಮಠದ ಶಿಷ್ಯರು ಆ ದಿನ ಪೇಟೆಗೆ ಹೋಗಿ ಬಂದಿದ್ದರು. ಬಂದವರು ಜಗಲಿಯ ಮೇಲೆ ಅವರೆಕಾಯಿ ಸುಲಿಯಲು ಕೂತು, ಅದರ ಜೊತೆಗೆ ಪೇಟೆಯ ಅಂಗಡಿಗಳನ್ನೂ ಒಂದೊಂದಾಗಿ ಸುಲಿದು ಹಾಕಿದ್ದರು. ಆ ಕ್ಷೌರಿಕನ ಕತ್ತಿ ಮೊಂಡು. ಈ ಗಿರಣಿಯವನು ಹಿಟ್ಟು ಉಳಿಸಿಕೊಳ್ಳುತ್ತಾನೆ. ಬಸ್ ನಿಲ್ದಾಣದ ಹೋಟೆಲಿನ ಸಾಂಬಾರಿನಲ್ಲಿ ಬೇಳೆ ಹುಡುಕಬೇಕಾದರೆ ದೀಪ ಹಿಡಿಯಬೇಕು. ಗುರುಪಾದ ಒಬ್ಬನೇ ತುಟಿ ಬಿಚ್ಚಿರಲಿಲ್ಲ. ತನ್ನ ಮೌನ ಗುರುಗಳ ಕಣ್ಣಿಗೆ ಬಿತ್ತೋ ಇಲ್ಲವೋ ಎಂಬ ಅನುಮಾನ ಅವನಿಗೆ ಬಂದಿರಬೇಕು. ಅದಕ್ಕೇ ಈ ಪ್ರಶ್ನೆ.

"ನಿನಗೇನನ್ನಿಸುತ್ತದೆ?" ಎಂದರು ಗುರುಗಳು.

"ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಎನ್ನುತ್ತಾರೆ. ಪಾಪವೂ ಇರಲಾರದು."

"ಊಟವನ್ನೂ ಬಲ್ಲವನು, ಮಾತನ್ನೂ ಬಲ್ಲವನು ಒಬ್ಬನಿದ್ದ. ಅವನ ಕತೆ ಕೇಳು" ಎಂದು ಗುರುಗಳು ಹೇಳತೊಡಗಿದರು.

ಒಂದು ಪೇಟೆಯಲ್ಲಿ ಒಬ್ಬ ಬೆಲ್ಲದ ವ್ಯಾಪಾರಿ ಇದ್ದ. ಅವನ ಬಂಡವಾಳವೆಲ್ಲ ಅವನ ನಾಲಿಗೆ. ಅಚ್ಚಿನ ಮೂಲೆಯಿಂದ ಒಂದು ಚೂರು ಮುರಿದು ಬಾಯಿಗಿಟ್ಟರೆ ಸಾಕು, ಇದು ಚೌಳು ನೆಲದ ಕಬ್ಬು, ಇದಕ್ಕೆ ಸುಣ್ಣ ಹೆಚ್ಚಾಗಿದೆ, ಇದನ್ನು ಪಾಕ ಬರುವ ಮುಂಚೆಯೇ ಒಲೆಯಿಂದ ಇಳಿಸಿದ್ದಾರೆ ಎಂದು ಹೇಳಿಬಿಡುತ್ತಿದ್ದ. ಆಲೆಮನೆಯವರು ಅವನಿಗೆ ಎದುರಾಡುತ್ತಿರಲಿಲ್ಲ. ಪೇಟೆಯ ಜನವೂ ಬೆಲ್ಲಕ್ಕಷ್ಟೇ ಅಲ್ಲ, ಬಾಯಿಗೆ ಹೋಗುವ ಯಾವುದಕ್ಕೂ ಅವನನ್ನೇ ಕೇಳುತ್ತಿದ್ದರು. ಯಾವ ಅಂಗಡಿಯ ಬೆಣ್ಣೆ ಒಳ್ಳೆಯದು, ಯಾರ ಮನೆಯ ಉಪ್ಪಿನಕಾಯಿ ಕೊಳ್ಳಬಹುದು ಎಂಬುದೆಲ್ಲ ಅವನ ಬಾಯಿಂದಲೇ ತೀರ್ಮಾನವಾಗಬೇಕಿತ್ತು.

ಅವನಿಗೆ ಅಪ್ಪ ಕಲಿಸಿದ ಒಂದು ಪಾಠವಿತ್ತು. ಮೆಚ್ಚಿದ ಮಾಲನ್ನು ಹೊಗಳಬೇಡ, ಹೊಗಳಿದರೆ ದರ ಏರುತ್ತದೆ. ಎಂಥ ಚಿನ್ನದಂಥ ಬೆಲ್ಲ ಕಂಡರೂ ಅವನ ಮುಖ ಹುಣಸೆಕಾಯಿ ಕಚ್ಚಿದವನ ಮುಖದಂತೆಯೇ ಇರುತ್ತಿತ್ತು. ಬೆಲ್ಲದ ಮಂಡಿಯಲ್ಲಿ ಇದು ಜಾಣತನ, ತಪ್ಪೇನಲ್ಲ. ಆದರೆ ಮಂಡಿಯ ಬಾಗಿಲು ಹಾಕಿದ ಮೇಲೂ ಅವನು ಆ ಮುಖವನ್ನು ಕಳಚಿಡುತ್ತಿರಲಿಲ್ಲ. ಮದುವೆಯಾಗಿ ಇಪ್ಪತ್ತು ವರ್ಷವಾಗಿತ್ತು. ಅಡುಗೆ ಹಿಡಿಸಿತೋ ಇಲ್ಲವೋ ಎಂಬುದನ್ನು ಅವನು ಎರಡನೆಯ ಸಲ ಬಡಿಸಿಕೊಂಡದ್ದರಿಂದಲೇ ಹೆಂಡತಿ ತಿಳಿದುಕೊಳ್ಳಬೇಕಿತ್ತು.

ಹೀಗಿರುವಾಗ ಮಂಡಿಯ ಹಿಂದಿನ ಓಣಿಯಲ್ಲಿ ಒಬ್ಬ ಹೆಂಗಸು ಊಟದ ಮನೆ ತೆರೆದಳು. ಅವಳ ಗಂಡನ ಬಲಗೈ ಕಬ್ಬಿನ ಗಾಣಕ್ಕೆ ಸಿಕ್ಕಿ ಹೋಗಿತ್ತು. ಉಳಿದ ಒಂದು ಕೈಯಲ್ಲಿ ಅವನು ಎಲೆ ಹಾಕುತ್ತಿದ್ದ, ಅವಳು ಬೇಯಿಸಿ ಬಡಿಸುತ್ತಿದ್ದಳು. ಒಮ್ಮೆಗೆ ಎಂಟು ಜನ ಕೂರುವಷ್ಟು ಜಾಗ. ಆ ಎಂಟು ಮಣೆ ತುಂಬಿದರೆ ಅವರ ಸಂಸಾರ ನಡೆಯುತ್ತಿತ್ತು, ಇಲ್ಲದಿದ್ದರೆ ಇಲ್ಲ.

ವ್ಯಾಪಾರಿಯ ಮನೆ ದೂರವಿತ್ತು. ಮಧ್ಯಾಹ್ನದ ಊಟಕ್ಕೆ ಒಂದು ದಿನ ಅಲ್ಲಿಗೆ ಹೋದ. ಮುದ್ದೆ ಮುರಿದು ಬಸ್ಸಾರಿನಲ್ಲಿ ಅದ್ದಿ ನುಂಗಿದ. ಮತ್ತೊಂದು ತುತ್ತು ಅದ್ದಿ ನುಂಗಿದ. ತಪ್ಪು ಹಿಡಿಯುವುದನ್ನೇ ಕಸುಬು ಮಾಡಿಕೊಂಡಿದ್ದ ಅವನ ನಾಲಿಗೆಗೆ ಆ ಸಾರಿನಲ್ಲಿ ಒಂದು ತಪ್ಪೂ ಸಿಗಲಿಲ್ಲ. ಅವನಿಗೆ ನಿಜವಾಗಿಯೂ ಸಂತೋಷವಾಯಿತು. ಸಂತೋಷದ ಬೆನ್ನಿಗೇ ಭಯವೂ ಆಯಿತು. ಈ ಸುದ್ದಿ ಮಂಡಿಗೆ ಮುಟ್ಟಿದರೆ ನಾಳೆಯಿಂದ ಇಲ್ಲಿ ತನಗೆ ಮಣೆ ಸಿಕ್ಕೀತೇ?

ಕೈ ತೊಳೆದು ಹೊರಗೆ ಬಂದಾಗ ಪಕ್ಕದ ಅಂಗಡಿಯವನು ಕೇಳಿದ, "ಏನಣ್ಣ, ಹೊಸಾ ಊಟದ್ಮನೆ ಹೆಂಗದೆ?"

"ಹೊಟ್ಟೆ ತುಂಬ್ತದೆ" ಎಂದ ವ್ಯಾಪಾರಿ.

ಅವನು ಹೇಳಿದ್ದು ಸುಳ್ಳಲ್ಲ. ಹೊಟ್ಟೆ ತುಂಬಿಯೇ ಇತ್ತು. ಮಾರನೆಯ ದಿನ ಬೇರೆಯವರು ಕೇಳಿದರು, ಅವರಿಗೂ ಅದೇ ಮಾತು. ಯಾರೂ ಹಿಂದೆ ಬರಬಾರದೆಂದು ಅವನು ಊಟದ ಹೊತ್ತಿಗೆ ಮೊದಲು ಬಸ್ ನಿಲ್ದಾಣದ ಕಡೆಗೆ ನಾಲ್ಕು ಹೆಜ್ಜೆ ನಡೆದು, ಆಮೇಲೆ ಸಂದಿಯಲ್ಲಿ ತಿರುಗಿ ಓಣಿಗೆ ಹೋಗುತ್ತಿದ್ದ. ಹೊಟ್ಟೆ ಬೆಳೆಸಿಕೊಂಡ ದೊಡ್ಡ ಮನುಷ್ಯ ಕದ್ದು ಬೆಣ್ಣೆ ತಿನ್ನುವ ಬೆಕ್ಕಿನ ಹಾಗೆ ಸಂದಿಯಲ್ಲಿ ನುಸುಳುವುದನ್ನು ನೋಡಿದವರು ನಗುತ್ತಿದ್ದರು. ಅವನಿಗೆ ಅದರ ಗೊಡವೆ ಇರಲಿಲ್ಲ.

ಪೇಟೆ ಎಂದಮೇಲೆ ಮಾತಿಗೆ ಬರವೇ? ಬೀಡಾ ಅಂಗಡಿಯ ಮುಂದೆ, ಕ್ಷೌರದಂಗಡಿಯ ಬೆಂಚಿನ ಮೇಲೆ ಎಲ್ಲ ಅಂಗಡಿಗಳ ಹಾಗೆ ಈ ಊಟದ ಮನೆಯ ವಿಚಾರಣೆಯೂ ನಡೆಯಿತು. ಮನೆ ದೂರವೆಂದು ದಿನಾ ಅಲ್ಲಿ ಉಣ್ಣುವವನೇ ಹೊಟ್ಟೆ ತುಂಬುತ್ತದೆ ಎಂದಷ್ಟೇ ಹೇಳಿದರೆ ಅಲ್ಲಿ ಇನ್ನೇನಿದ್ದೀತು ಎಂದರು. ಹೆಚ್ಚಿನವರು ಹೋಗಿ ಒಂದು ತುತ್ತು ತಿಂದು ನೋಡಲೂ ಇಲ್ಲ. ತಿಂದು ನೋಡುವ ಕೆಲಸಕ್ಕೆ ಅವನೊಬ್ಬ ಇದ್ದನಲ್ಲ! ತಿಂದು ಮೆಚ್ಚಿದ ನಾಲ್ಕಾರು ಜನರೂ ಬಾಯಿ ಬಿಡಲಿಲ್ಲ. ಅಷ್ಟು ಬಲ್ಲವನೇ ಮೆಚ್ಚದ್ದನ್ನು ತಾವು ಮೆಚ್ಚಿದೆವೆಂದು ಹೇಳಿಕೊಳ್ಳಲು ಅವರಿಗೆ ನಾಚಿಕೆ. ಒಬ್ಬೊಬ್ಬರಾಗಿ ಬರುವುದನ್ನೂ ಬಿಟ್ಟರು.

ವ್ಯಾಪಾರಿಯ ಮಾತು ಸುತ್ತಿ ಸುತ್ತಿ ಆ ಹೆಂಗಸಿನ ಕಿವಿಗೂ ಬಿತ್ತು. ಅವಳು ಅವನ ಮೇಲೆ ಸಿಟ್ಟು ಮಾಡಿಕೊಳ್ಳಲಿಲ್ಲ. ತನ್ನ ಕೈಯಲ್ಲೇ ಏನೋ ಕೊರತೆಯಿದೆ ಎಂದುಕೊಂಡಳು. ಅಂಗಡಿಯ ಖಾರದ ಪುಡಿ ಬಿಟ್ಟು ಮನೆಯಲ್ಲೇ ಹುರಿದು ಕುಟ್ಟಿದಳು. ಕಾಳನ್ನು ಹಿಂದಿನ ದಿನವೇ ನೆನೆಸಿಟ್ಟಳು. ಊರಿನಿಂದ ತುಪ್ಪ ತರಿಸಿದಳು. ಬಡಿಸಿದ ಮೇಲೆ ಒಲೆಯ ಹತ್ತಿರ ನಿಂತು ಅವನ ಮುಖ ನೋಡುತ್ತಿದ್ದಳು. ಅದು ಮಂಡಿಯ ಮುಖ. ಅದರಲ್ಲಿ ಅವಳಿಗೆ ಏನೂ ಕಾಣುತ್ತಿರಲಿಲ್ಲ.

ಅವನಿಗಂತೂ ಊಟ ದಿನದಿಂದ ದಿನಕ್ಕೆ ಹೆಚ್ಚು ರುಚಿಯಾಗುತ್ತಿರುವುದು ಗೊತ್ತಾಗುತ್ತಿತ್ತು. ತನ್ನ ಅದೃಷ್ಟ ಎಂದುಕೊಂಡ. ಅದೃಷ್ಟವನ್ನು ಇನ್ನಷ್ಟು ಜೋಪಾನ ಮಾಡಿದ. ಎಂಟು ಮಣೆಯಲ್ಲಿ ಐದು ತುಂಬುತ್ತಿತ್ತು, ಆಮೇಲೆ ಮೂರು. ನೂಕುನುಗ್ಗಲಿಲ್ಲದೆ ಕಾಲು ಚಾಚಿ ಉಣ್ಣಬಹುದು ಎಂದು ಮೊದಮೊದಲು ಅವನಿಗೆ ಹಿತವೇ ಆಯಿತು. ಎರಡೇ ಎಲೆ ಬಿದ್ದ ದಿನ ಮಾತ್ರ ಒಳಗೆ ಚುರುಕ್ ಎಂದಿತು. ನಾಲ್ಕು ಜನಕ್ಕೆ ಒಳ್ಳೆಯ ಮಾತು ಹೇಳಿಬಿಡಲೇ ಎಂದು ಯೋಚಿಸಿದ. ಈ ವಾರದ ಸಂತೆ ಕಳೆಯಲಿ ಎಂದುಕೊಂಡ. ಸಂತೆ ಕಳೆಯಿತು, ಮಾತು ಬಾಯಲ್ಲೇ ಉಳಿಯಿತು.

ಒಂದು ದಿನ ಅವನು ಹೋದಾಗ ಒಂದೇ ಎಲೆ ಹಾಕಿತ್ತು. ಗಂಡ ಉಳಿದ ಮಣೆಗಳನ್ನು ಗೋಣಿಚೀಲಕ್ಕೆ ತುಂಬುತ್ತಿದ್ದ. ಅವಳು ಎಂದಿನ ಹಾಗೆಯೇ ಬಡಿಸಿ, ಅಂದು ಒಲೆಯ ಬಳಿ ಹೋಗದೆ ಎದುರಿಗೇ ನಿಂತಳು.

"ಯಜಮಾನ್ರೇ, ನಾಳೆಯಿಂದ ಒಲೆ ಹಚ್ಚಲ್ಲ. ನಮ್ಮಣ್ಣನ ಊರಿಗೆ ಹೊರಟಿದ್ದೀವಿ. ಎಲ್ರೂ ಬಿಟ್ಟೋದ್ರೂ ನೀವೊಬ್ರು ಬಿಡಲಿಲ್ಲ. ನನ್ನಡುಗೆ ನಿಮಗೆ ಹಿಡಿಸ್ತಿರ್ಲಿಲ್ಲ ಅಂತ ನನಗೆ ಗೊತ್ತು. ಇವರ ಕೈ ನೋಡಿ, ನಮ್ಮ ಮ್ಯಾಲೆ ಕನಿಕರಪಟ್ಟು ಬರ್ತಿದ್ರಿ. ಆ ಋಣ ಮರೆಯಲ್ಲ. ಒಂದೇ ಒಂದು ಹೇಳಿ. ಏನು ಕಮ್ಮಿಯಾಗಿತ್ತು?"

ವ್ಯಾಪಾರಿ ಎತ್ತಿದ ತುತ್ತನ್ನು ಎಲೆಯ ಮೇಲೆ ಇಳಿಸಿದ. ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು. ಎಲೆಯ ಮೇಲಿದ್ದ ಸಾರಿನಲ್ಲಿ ಕಮ್ಮಿಯಾದದ್ದು ಏನೂ ಇರಲಿಲ್ಲ. ಅವಳು ಕೈಮುಗಿದು ಕಾಯುತ್ತಿದ್ದಳು. ಏನಾದರೂ ಹೇಳಲೇಬೇಕಿತ್ತು.

"ಉಪ್ಪು" ಎಂದ. "ಒಂದು ಹರಳು ಉಪ್ಪು ಕಮ್ಮಿ."

ಅವಳ ಮುಖ ಅರಳಿತು. "ಅಷ್ಟೇನಾ? ಮೊದ್ಲೇ ಒಂದ್ಮಾತು ಅನ್ನಬಾರ್ದಾಗಿತ್ತಾ ಯಜಮಾನ್ರೇ!" ಎಂದು ಒಳಗೆ ಓಡಿದಳು. ಉಪ್ಪಿನ ಮಡಕೆಯಿಂದ ಒಂದು ಹರಳು ತಂದು ಅವನ ಸಾರಿನಲ್ಲಿ ಹಾಕಿ, ಕರಗುವವರೆಗೆ ತಾನೇ ತಿರುವಿ ಕೊಟ್ಟಳು. "ಈಗ ನೋಡಿ."

ಅವನು ನೋಡಿದ. ಸಾರು ಕೆಟ್ಟಿತ್ತು. ಅಷ್ಟು ದಿನ ಒಂದು ಎಳೆಯೂ ಆಚೀಚೆ ಆಗದೆ ನಿಂತಿದ್ದ ರುಚಿ ಒಂದೇ ಹರಳಿಗೆ ಮುರಿದುಬಿದ್ದಿತ್ತು. ಅವಳು ನೋಡುತ್ತಲೇ ಇದ್ದಳು. ಅವನು ಮುದ್ದೆಯನ್ನೆಲ್ಲ ಆ ಸಾರಿನಲ್ಲೇ ಅದ್ದಿ ಅದ್ದಿ ನುಂಗಿದ.

"ಈಗ ಚೆನ್ನಾಗಿದೆ" ಎಂದ.

ಅವನು ಅವಳ ಅಡುಗೆಯನ್ನು ಹೊಗಳಿದ್ದು ಅದೇ ಮೊದಲು, ಅದೇ ಕೊನೆ. ಅವಳು ಸೆರಗಿನಿಂದ ಕಣ್ಣೊರೆಸಿಕೊಂಡು, ಕೇಳಿದ್ರಾ ಎನ್ನುವ ಹಾಗೆ ಗಂಡನ ಕಡೆ ನೋಡಿ ನಕ್ಕಳು.

ಉಪ್ಪು ತಿಂದವನು ನೀರು ಕುಡಿಯಲೇಬೇಕು. ಅಂದು ಸಂಜೆಯವರೆಗೂ ಅವನು ನೀರು ಕುಡಿದ. ಬಾಯಿಯ ಉಪ್ಪು ಹೋಯಿತು, ನಾಚಿಕೆ ಹೋಗಲಿಲ್ಲ. ಮಾರನೆಯ ದಿನದಿಂದ ಅವನು ಕೇಳಿದವರಿಗೂ ಕೇಳದವರಿಗೂ ಆ ಊಟವನ್ನು ಹೊಗಳತೊಡಗಿದ. ಅಂಥ ಕೈ ಈ ಸೀಮೆಯಲ್ಲೇ ಇಲ್ಲ ಎಂದ. ಜನ ಬೀಗ ಹಾಕಿದ ಬಾಗಿಲು ತೋರಿಸಿ ನಕ್ಕರು. ಅವನ ವ್ಯಾಪಾರವೇನೂ ಕೆಡಲಿಲ್ಲ. ಆದರೆ ಎಲೆಯ ಮುಂದೆ ಕೂತಾಗಲೆಲ್ಲ ಒಂದೇ ಯೋಚನೆ. ಅವಳು ಯಾವುದೋ ಊರಿನಲ್ಲಿ, ಯಾವುದೋ ಒಲೆಯ ಮುಂದೆ, ಒಳ್ಳೆಯ ಸಾರಿಗೆ ತನ್ನ ಮಾತು ನಂಬಿ ಒಂದು ಹರಳು ಉಪ್ಪು ಹೆಚ್ಚಿಗೆ ಹಾಕುತ್ತಿರಬಹುದು. ಉಂಡವರು ಮುಖ ಸಿಂಡರಿಸುತ್ತಿರಬಹುದು. ಏಕೆಂದು ಅವಳಿಗೆ ತಿಳಿಯುತ್ತಿರಲಿಕ್ಕಿಲ್ಲ. ಊರಿನ ಹೆಸರನ್ನಾದರೂ ಅವನು ಕೇಳಿಟ್ಟುಕೊಂಡಿರಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ಅವರೆಕಾಯಿ ಸುಲಿಯುತ್ತಿದ್ದ ಕೈಗಳೆಲ್ಲ ನಿಂತಿದ್ದವು. ಗುರುಪಾದನಿಗೆ ಆ ವ್ಯಾಪಾರಿಯ ಮೇಲೆ ಸಿಟ್ಟು ಬಂದಿತ್ತು.

"ಗುರುಗಳೇ, ಹೋದದ್ದು ಹೋಯಿತು. ಅವಳು ಅಷ್ಟು ಬೇಡಿಕೊಂಡು ಕೇಳಿದಾಗಲಾದರೂ ಏನೂ ಕಮ್ಮಿಯಿರಲಿಲ್ಲ ತಾಯಿ ಎಂದು ನಿಜ ಹೇಳಬಹುದಿತ್ತಲ್ಲ?"

"ಹೇಳಬಹುದಿತ್ತು. ಆಗ ಅವಳು, ಹಾಗಾದರೆ ಇಷ್ಟು ದಿನ ಯಾಕೆ ಹೇಳಲಿಲ್ಲ ಎಂದು ಕೇಳುತ್ತಿದ್ದಳು" ಎಂದರು ಗುರುಗಳು.