ಊಟದ ನಂತರದ ಫೈನಲ್

ಊಟ ಮುಗಿಸಿ ಬಂದ ಸಭೆ. ಚರ್ಚಾಸ್ಪರ್ಧೆಯ ಫೈನಲ್. ವಿಷಯ: ‘ಮಧ್ಯಾಹ್ನದ ನಿದ್ದೆ ಎಲ್ಲರಿಗೂ ಕಡ್ಡಾಯವಾಗಲಿ.’ ಪರವಾಗಿ ಕೊನೆಯ ಮಾತು ನಸೀಮಾಳದು. ಗೆದ್ದರೆ ಅವಳ ಪುಟ್ಟ ಕಾಲೇಜಿಗೆ ಮೊದಲ ಕಪ್.

ವಿರೋಧಪಕ್ಷದ ಪ್ರಫುಲ್ಲಚಂದ್ರ ಆಗಲೇ ಗುಡುಗಿ ಕೂತಿದ್ದ. ನಸೀಮಾ ತೊಟ್ಟಿಲು ತೂಗುವವಳ ಹಾಗೆ ಮೆಲ್ಲಗೆ ಶುರುಮಾಡಿದಳು. ಫ್ಯಾನು ತಿರುಗುತ್ತಿತ್ತು, ಕಿಟಕಿಯ ಪರದೆ ಉಸಿರಾಡುತ್ತಿತ್ತು. ಪ್ರಶ್ನೆ ಕೇಳಲು ಅವನು ಎದ್ದಾಗಲೆಲ್ಲ, “ಈಗಲ್ಲ” ಎಂದು ನಗುತ್ತಾ ಕೂರಿಸಿದಳು. ಮಾತಾಡುವವರಿಗೆ ಆ ಹಕ್ಕುಂಟು.

ಕೊನೆಗೆ, “ಹೂಂ, ಈಗ ಕೇಳಿ” ಎಂದಳು.

“ಬರೀ ಜೋಗುಳ ಹಾಡಿದ್ರಿ! ಈ ಹೊತ್ತಲ್ಲಿ ನಿದ್ದೆ ಬೇಕೇಬೇಕು ಅನ್ನೋದಕ್ಕೆ ಸಾಕ್ಷಿ ಎಲ್ಲಿ?”

“ಶ್, ಮೆಲ್ಲಗೆ. ನಿಮ್ಮ ಪಕ್ಕದಲ್ಲೇ ಇದ್ದಾರೆ, ಎದ್ದುಬಿಟ್ಟಾರು.”

ಅವನ ಜೊತೆಗಾರ ಮೇಜಿಗೆ ಕೆನ್ನೆಯಿಟ್ಟು ಹಾಯಾಗಿ ಮಲಗಿದ್ದ. ತೀರ್ಪುಗಾರರು ಸದ್ದಾಗದಂತೆ ಚಪ್ಪಾಳೆ ತಟ್ಟಿದರು. ಉತ್ತರಕ್ಕೆಂದು ಬಾಯಿ ತೆರೆದ ಪ್ರಫುಲ್ಲಚಂದ್ರನಿಗೆ ಬಂದದ್ದು ಒಂದು ದೊಡ್ಡ ಆಕಳಿಕೆ.